ಪುಕ್ಕಟೆ ಸಾಫ್ಟ್‌ವೇರ್ ಹಾಕಿಸುವ ಮೊದಲು

ರಾಯಚೂರಿನ ರಾಜೇಂದ್ರ ಗಂಜ್‌ನ ದಲಾಲಿ ಅಂಗಡಿಗಳಿಗೆ ಕಂಪ್ಯೂಟರ್ ಜೋಡಿಸಿಕೊಡುವುದು ನನ್ನ ಕಸುಬು. ಬಿಲ್ಲಿಂಗ್ ಸಾಫ್ಟ್‌ವೇರ್ ಎಂದ ಕೂಡಲೇ ಸಾಹುಕಾರರು ಕೇಳುವುದು ದರ. ನಾನು ಕೇಳುವುದು ಬೇರೆ: ನಾಳೆ ನಾನು ಸಿಗದಿದ್ದರೆ ಇದನ್ನು ಇನ್ನೊಬ್ಬರಿಂದ ತಿದ್ದಿಸಬಹುದೇ?

ಒಪ್ಪಿಗೆಯ ಗುಂಡಿ ಒತ್ತುವ ಮುಂಚೆ ಲೈಸೆನ್ಸ್, ಅಂದರೆ ಬಳಕೆಯ ಷರತ್ತುಗಳ ಪತ್ರ, ತೆರೆದು ನೋಡಿ. ‘ಸ್ವಂತ ಬಳಕೆಗೆ ಮಾತ್ರ, ವ್ಯಾಪಾರಕ್ಕಲ್ಲ’ ಎಂದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಕಟ್ಟಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ (ಇಲ್ಲಿ ‘ಫ್ರೀ’ ಎಂದರೆ ಪುಕ್ಕಟೆಯಲ್ಲ, ಸ್ವತಂತ್ರ) ಬಳಸುವವರಿಗೆ ಇರಬೇಕೆಂದು ಹೇಳುವ ನಾಲ್ಕು ಸ್ವಾತಂತ್ರ್ಯಗಳಲ್ಲಿ ಮೊದಲನೆಯದೇ ಯಾವ ಉದ್ದೇಶಕ್ಕಾದರೂ ಬಳಸುವುದು. ಪ್ರೋಗ್ರಾಮರುಗಳ ಎಣಿಕೆ ಶುರುವಾಗುವುದೇ ಸೊನ್ನೆಯಿಂದ, ಹಾಗಾಗಿ ಅದರ ಕ್ರಮಸಂಖ್ಯೆಯೂ ಸೊನ್ನೆ! ಉಳಿದವು, ಒಳಗಿನದನ್ನು ಓದಿ ತಿದ್ದುವುದು, ಪ್ರತಿ ಹಂಚುವುದು, ತಿದ್ದಿದ ಪ್ರತಿಯನ್ನೂ ಹಂಚುವುದು. ಹಂಚುವಾಗ ದುಡ್ಡು ತೆಗೆದುಕೊಂಡರೂ ತಪ್ಪಿಲ್ಲ.

ತಿದ್ದುವ ಹಕ್ಕನ್ನೇ ಹೆಚ್ಚು ಒರೆಗೆ ಹಚ್ಚಿ. ಒಂದು ಅಂಗಡಿಯಲ್ಲಿ ಹಮಾಲಿ ಕೂಲಿ ಚೀಲದ ಲೆಕ್ಕದಲ್ಲಿ. ಅವರ ಪುಕ್ಕಟೆ ಸಾಫ್ಟ್‌ವೇರ್‌ಗೆ ಗೊತ್ತಿದ್ದುದು ಕ್ವಿಂಟಲ್ ಲೆಕ್ಕ. ಬದಲಾಗಬೇಕಿದ್ದುದು ಗುಣಾಕಾರದ ಒಂದು ಸಾಲು, ಆದರೆ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರ್ ಬರೆದ ಮೂಲ ಬರಹ, ಯಾರಿಗೂ ಕೊಟ್ಟಿರಲಿಲ್ಲ. ಗುಮಾಸ್ತರು ಮುದ್ರಿತ ಬಿಲ್ಲಿನಲ್ಲಿ ಹಮಾಲಿಯನ್ನೂ ಒಟ್ಟು ಮೊತ್ತವನ್ನೂ ಪೆನ್ನಿನಿಂದ ಹೊಡೆದು, ಪಕ್ಕದಲ್ಲಿ ಬರೆದು, ಸಹಿ ಹಾಕಿ ರೈತರ ಕೈಗಿಡುತ್ತಿದ್ದರು. ಆದ್ದರಿಂದ ‘ಕೋಡ್ ಇದೆ’ ಎಂಬ ಬಾಯಿಮಾತು ಸಾಲದು. ಅದನ್ನು ಇಳಿಸಿಕೊಂಡು, ಒಂದು ಸಾಲು ಬದಲಿಸಿ, ಕಂಪೈಲ್ ಮಾಡಿಸಿ (ಓಡುವ ಪ್ರೋಗ್ರಾಂ ಆಗಿಸಿ), ಆ ಪ್ರತಿಯಿಂದಲೇ ಬಿಲ್ ಮುದ್ರಿಸಿ ನೋಡಿ. ಕೋಡ್ ಬಾರದವರಿಗೆ ಇದರಿಂದೇನು ಎನ್ನುತ್ತೀರಾ? ಬೋರ್‌ವೆಲ್ ಮೋಟರ್ ಬಿಚ್ಚಲು ರೈತನಿಗೇ ಬರಬೇಕೆಂದಿಲ್ಲ. ಬಿಚ್ಚುವವನನ್ನು ಕರೆಸಲು ಯಾರ ಅಪ್ಪಣೆಯೂ ಬೇಕಾಗಬಾರದು, ಅಷ್ಟೆ.

ಲೈಸೆನ್ಸ್‌ಗಳಲ್ಲಿ ನನ್ನ ಒಲವು ಅದೇ ಫೌಂಡೇಶನ್‌ನ ಜಿಪಿಎಲ್ (ಜನರಲ್ ಪಬ್ಲಿಕ್ ಲೈಸೆನ್ಸ್) ಕಡೆಗೆ. ತಿದ್ದಿ ಹಂಚುವವರು ಅದೇ ಷರತ್ತಿನಲ್ಲಿ ಸೋರ್ಸ್ ಕೋಡನ್ನೂ ಕೊಡಲೇಬೇಕು. ಎಂಐಟಿ ಎಂಬ ಇನ್ನೊಂದು ಲೈಸೆನ್ಸ್ ಕೂಡ ಸ್ವತಂತ್ರವೇ, ಆದರೆ ತಿದ್ದಿದವರು ತಮ್ಮ ಪ್ರತಿಯನ್ನು ಮುಚ್ಚಿಟ್ಟು ಮಾರಬಹುದು.

ಬ್ರೌಸರ್‌ನಲ್ಲಿ ನಡೆಯುವ ಸೇವೆಗಳದು ಬೇರೆ ತಕರಾರು. ಪ್ರೋಗ್ರಾಂ ಓಡುವುದು ಅವರ ಸರ್ವರ್‌ನಲ್ಲಿ. ಪ್ರತಿ ನಿಮ್ಮ ಕೈಗೆ ಬರುವುದೇ ಇಲ್ಲವಾದ್ದರಿಂದ ಸಾಮಾನ್ಯ ಜಿಪಿಎಲ್ ಅಲ್ಲಿ ನಿಮ್ಮ ನೆರವಿಗೆ ಬಾರದು. ಈ ಕಿಂಡಿ ಮುಚ್ಚಲೆಂದೇ 2007ರಲ್ಲಿ ಜಿಪಿಎಲ್‌ನ ಸೋದರ ಲೈಸೆನ್ಸ್ ಎಜಿಪಿಎಲ್‌ನ ಮೂರನೇ ಆವೃತ್ತಿ ಬಂತು: ಸಾಫ್ಟ್‌ವೇರ್ ತಿದ್ದಿ ಸರ್ವರ್‌ನಲ್ಲಿ ನಡೆಸುವವರು ಅದನ್ನು ಬಳಸುವವರಿಗೂ ಸೋರ್ಸ್ ಒದಗಿಸಬೇಕು.

ಕೊನೆಗೆ, ಖಾತೆಯನ್ನು ಸಿಎಸ್‌ವಿ ಅಥವಾ ಒಡಿಎಸ್ ಫೈಲಾಗಿ (ಬೇರೆ ಸಾಫ್ಟ್‌ವೇರ್‌ನಲ್ಲೂ ತೆರೆಯಬಹುದಾದ ಕೋಷ್ಟಕವಾಗಿ) ಹೊರತೆಗೆದು ಲಿಬ್ರೆ ಆಫೀಸ್ ಎಂಬ ಸ್ವತಂತ್ರ ಕಚೇರಿ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ರೈತರ ಹೆಸರುಗಳು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ ಅವು ಹಳೆಯ ಫಾಂಟ್ ಸಂಕೇತದಲ್ಲಿವೆ ಎಂದೇ ಎಣಿಸಿ, ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಯೂನಿಕೋಡ್ ಸಂಕೇತಕ್ಕೆ ಬದಲಿಸಿ ಕೊಡುವವರೆಗೆ ಜೋಡಿಸಿದವರಿಗೆ ಕೂಲಿ ಕೊಡಬೇಡಿ. ನಾನೇ ಜೋಡಿಸಿದ್ದರೂ ಸರಿಯೇ.