ಮಂಟಪದೊಳಗೆ ಲ್ಯಾಪ್‌ಟಾಪ್, ಜನರ ನಡುವೆ ಟ್ಯಾಬ್ಲೆಟ್

ಮಡಿಕೇರಿ ದಸರಾ ಮಂಟಪದ (ಟ್ರ್ಯಾಕ್ಟರ್ ಮೇಲೆ ಸಾಗುವ, ಪುರಾಣಕಥೆಯ ಚಲಿಸುವ ಕಲಾಕೃತಿಗಳ ಮಂಟಪ) ಸೌಂಡ್ಸ್ ಮತ್ತು ಲೈಟಿಂಗ್ ನೋಡಿಕೊಳ್ಳುವವನು ಟ್ರ್ಯಾಕ್ಟರಿನೊಳಗೆ ಕುಳಿತಿರಬಾರದು, ಎದುರಿಗೆ ಜನರ ನಡುವೆ ನಿಂತಿರಬೇಕು. ಇದು ನನ್ನ ಹಟ. ವಿಜಯದಶಮಿಯ ರಾತ್ರಿ ದಶಮಂಟಪಗಳು ಬೀದಿಗಿಳಿದಾಗ, ಅಸುರ ಸಂಹಾರದ ಕ್ಷಣದಲ್ಲಿ ಸಿಡಿಲಿನ ಸದ್ದು, ಕೆಂಪು ಬೆಳಕು, ಹೊಗೆ, ಕಲಾಕೃತಿಯ ಚಲನೆ ಎಲ್ಲವೂ ಒಟ್ಟಿಗೆ ಕೂಡಿಬರಬೇಕು. ಒಳಗಿರುವವನಿಗೆ ಕಾಣುವುದು ಕಲಾಕೃತಿಗಳ ಬೆನ್ನು ಮಾತ್ರ, ಕೇಳುವುದು ಜನರೇಟರಿನ ಗದ್ದಲ. ಆದ್ದರಿಂದ ಲ್ಯಾಪ್‌ಟಾಪನ್ನು ಒಳಗೇ ಬಿಟ್ಟು, ಅದರಲ್ಲಿನ ತಂತ್ರಾಂಶಗಳನ್ನು ಕೈಯಲ್ಲಿರುವ ಆಂಡ್ರಾಯ್ಡ್ ಟ್ಯಾಬ್ಲೆಟ್‌ನಿಂದ ನಡೆಸುವ ವ್ಯವಸ್ಥೆ ಮಾಡಿಕೊಂಡೆ.

ಇಂಥ ಕೆಲಸಕ್ಕೆ ಎಲ್ಲರೂ ಮೊದಲು ಯೋಚಿಸುವುದು ವಿಎನ್‌ಸಿಯಂಥ ತಂತ್ರಾಂಶವನ್ನು. ಲ್ಯಾಪ್‌ಟಾಪಿನ ಇಡೀ ಪರದೆಯೇ ಟ್ಯಾಬ್ಲೆಟ್‌ನಲ್ಲಿ ಮೂಡುತ್ತದೆ. ಕಚೇರಿಯ ಕೆಲಸಕ್ಕೆ ಅದು ಸಾಕು, ಮೆರವಣಿಗೆಗೆ ಸಾಲದು. ಮೌಸಿನ ಚೂಪು ಬಾಣಕ್ಕೆಂದು ಮಾಡಿದ ಗುಂಡಿಗಳು ಬೆರಳಿನಡಿ ಮುಚ್ಚಿಹೋಗುತ್ತವೆ. ಪರದೆಯ ಚಿತ್ರವೆಲ್ಲ ವೈಫೈ ಮೇಲೆ ಹರಿದು ಬರಬೇಕಾದ್ದರಿಂದ ಒತ್ತಿದ್ದಕ್ಕೂ ಆದದ್ದಕ್ಕೂ ನಡುವೆ ಅಂತರ ಬೀಳುತ್ತದೆ. ಪರದೆಯನ್ನು ಕಳುಹಿಸುವುದೇ ಬೇಡ, ಆಜ್ಞೆಯನ್ನಷ್ಟೇ ಕಳುಹಿಸಿದರೆ ಸಾಕು ಎಂದು ತೀರ್ಮಾನಿಸಿದೆ.

ಬೆಳಕಿಗೆ ನಾನು ಬಳಸುವುದು ಕ್ಯೂಎಲ್‌ಸಿ ಪ್ಲಸ್. ಉಚಿತ ತಂತ್ರಾಂಶ. ಯುಎಸ್‌ಬಿಗೆ ಜೋಡಿಸಿದ ಡಿಎಂಎಕ್ಸ್ (ವೇದಿಕೆಯ ದೀಪ, ಹೊಗೆ ಯಂತ್ರಗಳಿಗೆ ಆಜ್ಞೆ ಕಳುಹಿಸುವ ಪದ್ಧತಿ) ಪೆಟ್ಟಿಗೆಯ ಮೂಲಕ ಒಂದು ಸಾಲಿನಲ್ಲಿ 512 ಚಾನೆಲ್‌ಗಳನ್ನು ನಡೆಸಬಹುದು. ಅದನ್ನು ವೆಬ್ ಆಯ್ಕೆಯೊಂದಿಗೆ ತೆರೆದರೆ, ಟ್ಯಾಬ್ಲೆಟ್‌ನ ಬ್ರೌಸರಿನಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸ (ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಮತ್ತು ಪೋರ್ಟ್ 9999 ಕೊಟ್ಟ ಕೂಡಲೇ ನಾವು ಜೋಡಿಸಿಟ್ಟ ಗುಂಡಿಗಳು ಕಾಣಿಸುತ್ತವೆ. ಧ್ವನಿಗೆ ರೀಪರ್ ಎಂಬ ತಂತ್ರಾಂಶ ಇದೆ. ಅದನ್ನು ಟಚ್ಓಎಸ್‌ಸಿ ಎಂಬ ಆ್ಯಪ್‌ನಿಂದ ನಡೆಸುತ್ತೇನೆ. ಹಾಡು ಎಷ್ಟು ಸೆಕೆಂಡ್ ಓಡಿದೆ ಎಂಬುದನ್ನು ರೀಪರ್ ತಿರುಗಿ ಟ್ಯಾಬ್ಲೆಟ್‌ಗೆ ತಿಳಿಸುತ್ತದೆ. ನನಗೆ ಅತ್ಯಂತ ಬೆಲೆಯುಳ್ಳದ್ದು ಇದೇ. ಅಂಕಿ ಓಡುತ್ತಿದ್ದರೆ ಸಂಪರ್ಕ ಜೀವಂತವಾಗಿದೆ ಎಂದು ಅರ್ಥ, ನಿಂತರೆ ಮುಂದಿನ ಗುಂಡಿ ಒತ್ತುವ ಮೊದಲೇ ಎಚ್ಚರವಾಗಬಹುದು.

ಹೊಗೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲು ಅದರ ಗುಂಡಿಯೂ ಟಚ್ಓಎಸ್‌ಸಿಯಲ್ಲೇ ಇತ್ತು. ಆ ಆ್ಯಪ್ ಕಳುಹಿಸುವ ಓಎಸ್‌ಸಿ ಸಂದೇಶಗಳು ಸಾಮಾನ್ಯವಾಗಿ ಯುಡಿಪಿ ಎಂಬ ರವಾನೆ ಪದ್ಧತಿಯ ಮೂಲಕ ಹೋಗುತ್ತವೆ. ಡಬ್ಬಿಗೆ ಹಾಕಿದ ಅಂಚೆ ಕಾರ್ಡಿನಂತೆ, ತಲುಪಿತೋ ಇಲ್ಲವೋ ಎಂದು ಯಾರೂ ಹೇಳುವುದಿಲ್ಲ. ಗುಂಡಿ ಒತ್ತಿದಾಗ 1, ಬಿಟ್ಟಾಗ 0 ಹೋಗುತ್ತದೆ. ಆ 0 ದಾರಿಯಲ್ಲಿ ಕಳೆದುಹೋದರೆ ಹೊಗೆ ಯಂತ್ರ ನಿಲ್ಲುವುದೇ ಇಲ್ಲ. ಅಭ್ಯಾಸದ ದಿನ ಮಂಟಪದ ಮೇಲಿದ್ದ ಹುಡುಗ "ಅಣ್ಣಾ, ಹೊಗೆ ನಿಲ್ಲುತ್ತಿಲ್ಲ, ದೇವಿಯೇ ಕಾಣುತ್ತಿಲ್ಲ" ಎಂದು ಕೂಗಿದ್ದು ಈ ಕಾರಣಕ್ಕೇ. ಅಂದಿನಿಂದ ಹೊಗೆಯನ್ನು ಬೆರಳಿನ ಹಿಡಿತಕ್ಕೆ ಬಿಟ್ಟಿಲ್ಲ. ಕ್ಯೂಎಲ್‌ಸಿ ಪ್ಲಸ್‌ನಲ್ಲಿ ಎರಡು ಹೆಜ್ಜೆಯ ಚೇಸರ್ (ಆಜ್ಞೆಗಳನ್ನು ಒಂದಾದ ಮೇಲೊಂದು ನಡೆಸುವ ಸರಣಿ) ಮಾಡಿದೆ: ನಾಲ್ಕು ಸೆಕೆಂಡ್ ಹೊಗೆ, ನಂತರ ಸೊನ್ನೆ. ಒಮ್ಮೆ ಓಡಿ ತಾನೇ ನಿಲ್ಲುತ್ತದೆ. ಟ್ಯಾಬ್ಲೆಟ್‌ನ ಕೆಲಸ ಶುರು ಮಾಡುವುದಷ್ಟೇ. ಬೆಂಕಿ, ಹೊಗೆ, ಮೋಟಾರು, ಯಾವುದೇ ಇರಲಿ, ನಿಲ್ಲಿಸುವ ಹೊಣೆ ಲ್ಯಾಪ್‌ಟಾಪಿನದೇ ಆಗಿರಬೇಕು.

ವೈಫೈಗೆ ಇಂಟರ್ನೆಟ್ ಬೇಕಿಲ್ಲ, ಒಂದು ರೂಟರ್ ಸಾಕು. 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ವೈಫೈ ಚಾನೆಲ್‌ಗಳು ಸಾಮಾನ್ಯವಾಗಿ 1, 6, 11 ಮಾತ್ರ. ಸಾವಿರಾರು ಮೊಬೈಲ್‌ಗಳಿರುವ ಬೀದಿಯಲ್ಲಿ ಅಲ್ಲಿ ಜಾಗವೇ ಸಿಗುವುದಿಲ್ಲ. 5 ಗಿಗಾಹರ್ಟ್ಸ್ ಇಟ್ಟುಕೊಳ್ಳಿ. ಮನುಷ್ಯರ ಮೈ ಅಲೆಗಳನ್ನು ಹೀರಿಕೊಳ್ಳುವುದರಿಂದ ರೂಟರನ್ನು ಜನರ ತಲೆಗಿಂತ ಎತ್ತರದಲ್ಲಿ, ಎದುರಿಗೆ ಕಾಣುವಂತೆ ಕಟ್ಟಬೇಕು. ಲ್ಯಾಪ್‌ಟಾಪನ್ನು ರೂಟರಿಗೆ ಕೇಬಲ್‌ನಿಂದಲೇ ಜೋಡಿಸಿ, ಬದಲಾಗದ ಐಪಿ ವಿಳಾಸ ಕೊಡಿ. ವಿಂಡೋಸ್‌ನಲ್ಲಿ ಆ ಜಾಲವನ್ನು 'ಪ್ರೈವೇಟ್' ಎಂದು ಗುರುತಿಸದಿದ್ದರೆ ಫೈರ್‌ವಾಲ್ (ಹೊರಗಿನ ಸಂಪರ್ಕ ತಡೆಯುವ ಕಾವಲು) ಬಾಗಿಲು ಹಾಕಿಬಿಡಬಹುದು. ಇಂಟರ್ನೆಟ್ ಇಲ್ಲದ ವೈಫೈ ಬಿಟ್ಟು ಟ್ಯಾಬ್ಲೆಟ್ ಮೊಬೈಲ್ ಡೇಟಾದ ಕಡೆ ಓಡದಂತೆ ಡೇಟಾವನ್ನು ಆಫ್ ಮಾಡಿಡಿ.

ಇನ್ನು ನಮ್ಮೂರಿನ ಮಂಜು, ಮಳೆಯ ವಿಷಯ. ದಸರಾ ರಾತ್ರಿ ತುಂತುರು ಬಿದ್ದರೆ ಗಾಜಿನ ಮೇಲೆ ಕುಳಿತ ಹನಿಯನ್ನೇ ಸ್ಪರ್ಶಪರದೆ ಬೆರಳೆಂದು ತಿಳಿಯುತ್ತದೆ, ಒದ್ದೆ ಬೆರಳನ್ನು ಗುರುತಿಸುವುದಿಲ್ಲ. ಟ್ಯಾಬ್ಲೆಟನ್ನು ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಹತ್ತಿಬಟ್ಟೆಯೊಂದನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಒಂದು ಪುಟಕ್ಕೆ ಆರೇ ಗುಂಡಿ, ಪ್ರತಿಯೊಂದೂ ಬೆಂಕಿಪೊಟ್ಟಣಕ್ಕಿಂತ ದೊಡ್ಡದು, ನಡುವೆ ಧಾರಾಳವಾಗಿ ಖಾಲಿ ಜಾಗ. 'ಸಂಹಾರ' ಗುಂಡಿ ಮಾತ್ರ ಬೇರೆ ಪುಟದಲ್ಲಿದೆ, ಹನಿಯೊಂದು ಬಿದ್ದು ಅಸುರ ಅಕಾಲದಲ್ಲಿ ಸಾಯಬಾರದಲ್ಲ.

ಇಷ್ಟಾದರೂ ಒಳಗಿನ ಲ್ಯಾಪ್‌ಟಾಪಿಗೆ ಮೌಸ್ ಜೋಡಿಸಿಯೇ ಇಡುತ್ತೇನೆ. ಪಕ್ಕದಲ್ಲಿ ಒಬ್ಬ ಹುಡುಗ ಕುಳಿತಿರುತ್ತಾನೆ. ನಾನು ಟಾರ್ಚನ್ನು ಎರಡು ಬಾರಿ ಮಿನುಗಿಸಿದರೆ ಅಲ್ಲಿಂದ ಮುಂದಿನದೆಲ್ಲ ಅವನ ಕೈಯಲ್ಲಿ.