‘ರೂಮ್ ಇದೆಯಾ ಇಲ್ವಾ, ಬೇಗ ಹೇಳಿ’

ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಒಂದೇ ಕಡೆ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ, ಹಲಸಿನ ಮರದ ಪಕ್ಕ. ಮನೆಯೊಳಗೆ ವೈಫೈ ಇದೆ, ಕರೆಂಟ್ ಇದ್ದರೆ. ಮಳೆಗಾಲದ ಸಕಲೇಶಪುರದಲ್ಲಿ ‘ಕರೆಂಟ್ ಇದ್ದರೆ’ ಅನ್ನೋದು ಎಷ್ಟು ದೊಡ್ಡ ಮಾತು ಅಂತ ಈ ಕಡೆಯವರಿಗೆ ಗೊತ್ತು. ಬೆಂಗಳೂರಿನಲ್ಲಿ ಕೂತು ‘ರೂಮ್ ಇದೆಯಾ’ ಅಂತ ಕೇಳಿ, ಎರಡು ನಿಮಿಷಕ್ಕೆ ‘??’ ಹಾಕುವವರಿಗೆ ಹೇಗೆ ಗೊತ್ತಾಗಬೇಕು?

ನಮ್ಮದು ಎರಡೇ ಕೋಣೆಯ ಹೋಮ್‌ಸ್ಟೇ. ಯಜಮಾನರು ತೋಟ ನೋಡಿಕೊಳ್ಳುತ್ತಾರೆ. ಅಡುಗೆಮನೆ ಅತ್ತೆಯದು. ಬುಕಿಂಗ್ ನನ್ನ ಪಾಲು. ಹೊಸದರಲ್ಲಿ ಅವಸರದವರ ಫೋನ್ ಬಂದರೆ ನನಗೂ ಅವಸರ ಅಂಟಿಕೊಳ್ಳುತ್ತಿತ್ತು. ಒಲೆ ಮೇಲೆ ಹಾಲಿಟ್ಟು ಕಣಕ್ಕೆ ಓಡಿದ್ದೇನೆ. ಅಷ್ಟರಲ್ಲಿ ಅವರು ಬೇರೆ ಕಡೆ ಬುಕ್ ಮಾಡಿಕೊಂಡಿರುತ್ತಿದ್ದರು, ಹಾಲೂ ಉಕ್ಕಿರುತ್ತಿತ್ತು.

ನನ್ನ ದೊಡ್ಡ ಎಡವಟ್ಟು ಆಗಿದ್ದು 2024ರ ಆಗಸ್ಟ್‌ನಲ್ಲಿ. ಆ ವರ್ಷ 15ನೇ ತಾರೀಕು ಗುರುವಾರ ಬಂದಿತ್ತು. ಮರುದಿನ ವರಮಹಾಲಕ್ಷ್ಮಿ ಹಬ್ಬ, ಆಮೇಲೆ ಶನಿವಾರ, ಭಾನುವಾರ. ನಾಲ್ಕು ದಿನದ ಸಾಲು ರಜೆ. ಒಬ್ಬರು ಒಂದೇ ಮಧ್ಯಾಹ್ನ ಆರು ಸಲ ಫೋನ್ ಮಾಡಿದರು. ‘ಮೇಡಂ, ಕನ್ಫರ್ಮ್ ಅಲ್ವಾ? ಗ್ಯಾರಂಟಿ ಅಲ್ವಾ?’ ಆರನೇ ಸಲಕ್ಕೆ ನನಗೆ ಸಾಕಾಗಿ ‘ಆಯ್ತು ಸರ್, ಬನ್ನಿ’ ಅಂದೆ. ಕ್ಯಾಲೆಂಡರ್‌ನಲ್ಲಿ ಆಮೇಲೆ ಹಾಕೋಣ ಅಂತ ಕಡುಬಿಗೆ ಹಿಟ್ಟು ಕಲಸೋಕೆ ಹೋದೆ. ಅಷ್ಟರಲ್ಲಿ ಅದೇ ಕೋಣೆ ಏರ್‌ಬಿಎನ್‌ಬಿ ಅನ್ನೋ ಬುಕಿಂಗ್ ಆ್ಯಪ್‌ನಲ್ಲಿ ಬೇರೆಯವರಿಗೆ ಬುಕ್ ಆಗಿತ್ತು. ಕೇಳದೆಯೇ ಬುಕ್ ಆಗುವ ‘ಇನ್‌ಸ್ಟಂಟ್ ಬುಕ್’ ನಾನೇ ಆನ್ ಮಾಡಿಟ್ಟಿದ್ದು. ಯಾರನ್ನೂ ದೂರುವ ಹಾಗಿರಲಿಲ್ಲ.

ಕೊನೆಗೆ ನಮ್ಮ ಮಲಗುವ ಕೋಣೆಯನ್ನೇ ಬಿಟ್ಟುಕೊಟ್ಟೆವು. ಮೂರು ರಾತ್ರಿ ನಡುಮನೆಯಲ್ಲಿ ಚಾಪೆ ಹಾಸಿಕೊಂಡು, ಅತ್ತೆಯ ಗೊರಕೆ ಕೇಳುತ್ತಾ ಮಲಗಿದೆವು. ಯಜಮಾನರು ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಆದರೆ ಆ ಆರು ಫೋನಿನ ಮನುಷ್ಯ ಬಂದಾಗ ನೋಡಿದರೆ ಬಹಳ ಮೆತ್ತಗಿನವರು. ಜೊತೆಗೆ ವಯಸ್ಸಾದ ತಾಯಿ, ಮಂಡಿ ಆಪರೇಷನ್ ಆಗಿತ್ತು. ಅದಕ್ಕೆ ಮೊದಲು ಹೋದ ಕಡೆ ಕೋಣೆ ಮಹಡಿ ಮೇಲಿತ್ತಂತೆ, ಕಮೋಡ್ ಕೂಡ ಇರಲಿಲ್ಲವಂತೆ. ಆ ಅಮ್ಮ ಎರಡು ದಿನ ಸರಿಯಾಗಿ ಊಟವನ್ನೇ ಮಾಡಿರಲಿಲ್ಲ. ಇದನ್ನು ನೇರವಾಗಿ ಕೇಳೋಕೆ ಅವರಿಗೆ ಸಂಕೋಚ. ನಾನೂ ಬಾಯಿಬಿಟ್ಟು ಕೇಳಿರಲಿಲ್ಲ. ಹಾಗಾಗಿ ‘ಗ್ಯಾರಂಟಿ ಅಲ್ವಾ’ ಅಂತ ಆರು ಸಲ.

ಅವತ್ತಿನಿಂದ ಯಾರೇ ಎಷ್ಟೇ ಅವಸರ ಮಾಡಲಿ, ಇದೆ, ಇಲ್ಲ ಅನ್ನುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ‘ಯಾರ್‍ಯಾರು ಬರ್ತಿದ್ದೀರಿ, ಯಾವ ಗಾಡಿಯಲ್ಲಿ?’ ಅರ್ಧ ಅವಸರ ಅಲ್ಲೇ ಇಳಿಯುತ್ತದೆ. ಹಸುಗೂಸು ಇದ್ದರೆ ಬಿಸಿನೀರಿನ ಚಿಂತೆ ಹೊರಗೆ ಬರುತ್ತದೆ. ಚಿಕ್ಕ ಕಾರಾದರೆ ನಾನೇ ಹೇಳಿಬಿಡುತ್ತೇನೆ: ಕೊನೆಯ ಎರಡು ಕಿಲೋಮೀಟರ್ ಮಣ್ಣಿನ ದಾರಿ, ಮಳೆಯಲ್ಲಿ ಕಾರಿನ ತಳ ಉಜ್ಜುತ್ತದೆ, ರಸ್ತೆ ಬದಿಯ ಮನೆಯಲ್ಲಿ ನಿಲ್ಲಿಸಿ, ನಮ್ಮ ಜೀಪ್ ಬರುತ್ತದೆ. ಇದನ್ನು ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಹೇಳಬೇಕು. ಕೆಸರಲ್ಲಿ ಗಾಡಿ ಹೂತ ಮೇಲೆ ಹೇಳಿದರೆ ಅದು ಜಗಳವಾಗುತ್ತದೆ.

ಅದೇ ವರ್ಷ ಜುಲೈನಲ್ಲಿ ದೊಡ್ಡತಪ್ಪಲು ಹತ್ತಿರ ಹೆದ್ದಾರಿ ಮೇಲೆ ಗುಡ್ಡ ಕುಸಿದಿತ್ತು. ಟಿವಿಯಲ್ಲಿ ದಿನವಿಡೀ ಶಿರಾಡಿ ಘಾಟಿ. ಬುಕ್ ಮಾಡಿದ್ದವರೆಲ್ಲ ‘ದುಡ್ಡು ವಾಪಸ್ ಕೊಡಿ’ ಅಂತ ಒಂದೇ ಉಸಿರಿಗೆ ಶುರು ಮಾಡಿದರು. ಮೊದಲಿಬ್ಬರ ಹತ್ತಿರ ಕ್ಯಾನ್ಸಲ್ ನಿಯಮ ಮಾತಾಡಿ ಕೆಟ್ಟೆ. ಆಮೇಲೆ ಹೊಳೆಯಿತು, ಅವರು ಕೇಳುತ್ತಿರುವುದು ದುಡ್ಡಲ್ಲ, ದಾರಿ. ಬೆಂಗಳೂರಿನಿಂದ ಹಾಸನದ ಮೇಲೆ ಬರುವವರಿಗೆ ಕುಸಿದ ಜಾಗ ಸಕಲೇಶಪುರ ದಾಟಿದ ಮೇಲೆ, ಮಂಗಳೂರು ದಿಕ್ಕಿಗೆ. ನಮ್ಮ ತಿರುವು ಅದಕ್ಕೂ ಮೊದಲು. ಇಷ್ಟು ಬರೆದು, ಅವತ್ತು ಬೆಳಿಗ್ಗೆ ತೆಗೆದ ನಮ್ಮ ಗೇಟಿನ ಫೋಟೋ ಹಾಕಿದೆ. ಉಳಿದವರಲ್ಲಿ ಒಬ್ಬರು ಬಿಟ್ಟು ಎಲ್ಲರೂ ಬಂದರು. ಬಾರದವರಿಗೆ ಪೂರ್ತಿ ದುಡ್ಡು ಕಳಿಸಿದೆ. ಹೆದರಿಕೊಂಡು ಬಂದವರು ಮಳೆ ಸದ್ದಿಗೂ ಬೆಚ್ಚಿ ಬೀಳುತ್ತಾರೆ, ಅಂಥವರನ್ನು ಬಲವಂತ ಮಾಡಿ ಕರೆಸಬಾರದು.

ಇನ್‌ಸ್ಟಂಟ್ ಬುಕ್ ಈಗ ಆಫ್. ಏರ್‌ಬಿಎನ್‌ಬಿಯಲ್ಲಿ ರಿಕ್ವೆಸ್ಟ್ ಬಂದರೆ ಉತ್ತರ ಕೊಡಲು 24 ಗಂಟೆ ಇರುತ್ತದೆ, ತಪ್ಪಿದರೆ ಅದು ತಾನಾಗೇ ಬಿದ್ದುಹೋಗುತ್ತದೆ. ನಾನು ಅಷ್ಟು ಎಳೆಯುವುದಿಲ್ಲ, ಆದರೆ ಎರಡು ನಿಮಿಷಕ್ಕೂ ಓಡುವುದಿಲ್ಲ. ಬೆಳಿಗ್ಗೆ 10, ಮಧ್ಯಾಹ್ನ 2, ರಾತ್ರಿ 8. ಈ ಮೂರು ಹೊತ್ತಿಗೆ ಕೂತು ಉತ್ತರ ಬರೆಯುತ್ತೇನೆ. ಅದನ್ನೇ ವಾಟ್ಸಾಪ್ ಬಿಸಿನೆಸ್‌ನಲ್ಲಿ ತಾನಾಗೇ ಹೋಗುವ ಮೆಸೇಜ್ ಮಾಡಿಟ್ಟೆ. ಒಂದು ವಾರ ಅದು ಸರಿಯಾಗಿ ಹೋಗಲೇ ಇಲ್ಲ. ಆಮೇಲೆ ತಿಳಿಯಿತು, ಆ ಮೆಸೇಜ್ ಹೋಗಬೇಕಾದರೂ ಫೋನಿಗೆ ಇಂಟರ್ನೆಟ್ ಇರಬೇಕು. ನಾನೋ ಫೋನ್ ಸೊಂಟಕ್ಕೆ ಸಿಕ್ಕಿಸಿಕೊಂಡು ತೋಟದ ಗುಂಡಿಯಲ್ಲಿ ಇರುತ್ತಿದ್ದೆ! ಈಗ ಬುಕಿಂಗ್ ನಂಬರಿಗೆ ಒಂದು ಹಳೇ ಫೋನ್, ಅದು ಕಿಟಕಿ ಪಕ್ಕ ವೈಫೈನಲ್ಲೇ ಬಿದ್ದಿರುತ್ತದೆ. ವೈಫೈ ಡಬ್ಬಕ್ಕೆ ಒಂದು ಚಿಕ್ಕ ಯುಪಿಎಸ್. ‘ಎಷ್ಟು ಹೊತ್ತಿಗೆ ಹೇಳ್ತಾರೆ’ ಅಂತ ಗೊತ್ತಾದರೆ ಜನ ಕಾಯುತ್ತಾರೆ. ಗೊತ್ತಿಲ್ಲದಿದ್ದರೆ ಮಾತ್ರ ‘??’.

ಎಲ್ಲ ಅವಸರವೂ ಚಿಂತೆಯದ್ದಲ್ಲ, ಅದೂ ನಿಜ. ‘ಲಾಸ್ಟ್ ರೇಟ್ ಹೇಳಿ, ಈಗ್ಲೇ ಹಾಕ್ತೀನಿ’ ಅನ್ನುವವರಿದ್ದಾರೆ. ನಾನು ಒಪ್ಪದಿದ್ದರೆ ‘ಸರ್ ಇಲ್ವಾ? ಸರ್‌ಗೆ ಫೋನ್ ಕೊಡಿ’ ಅನ್ನುತ್ತಾರೆ. ಕೊಡುತ್ತೇನೆ. ಯಜಮಾನರು ‘ಅದೆಲ್ಲ ಅವಳೇ ನೋಡೋದು’ ಅಂತ ವಾಪಸ್ ಕೊಡುತ್ತಾರೆ. ಒಮ್ಮೆ ಒಬ್ಬರು ಅಡ್ವಾನ್ಸ್ ಹಾಕಿದ ಸ್ಕ್ರೀನ್‌ಶಾಟ್ ಕಳಿಸಿ, ‘ಬೇಗ ಕನ್ಫರ್ಮ್ ಮಾಡಿ’ ಅಂತ ಒತ್ತಾಯ ಮಾಡಿದರು. ಬ್ಯಾಂಕ್ ಖಾತೆ ತೆಗೆದು ನೋಡಿದರೆ ಒಂದು ರೂಪಾಯಿಯೂ ಬಂದಿಲ್ಲ. ಕೇಳಿದೆ. ಆ ನಂಬರ್ ಮತ್ತೆ ಮಾತಾಡಲಿಲ್ಲ. ‘ಸುಮ್ನೆ ಹಿಡಿದಿಡಿ, ಆಮೇಲೆ ಹೇಳ್ತೀವಿ’ ಅನ್ನುವವರಿಗೆ ಅದೇ ದಿನ ರಾತ್ರಿ 8ರವರೆಗೆ ಮಾತ್ರ. ಅರ್ಧ ದುಡ್ಡು ಖಾತೆಗೆ ಬರಬೇಕು, ಕ್ಯಾಲೆಂಡರ್ ಮುಚ್ಚಬೇಕು, ಆಮೇಲೆ ‘ಬನ್ನಿ’.

ಇನ್ನು ಬೇಗ ಬಂದುಬಿಡುವವರು. ಕೋಣೆ ಕೊಡುವುದು ಮಧ್ಯಾಹ್ನ 1ಕ್ಕೆ. ಬೆಳಗಿನ ಜಾವ 4ಕ್ಕೆ ಬೆಂಗಳೂರು ಬಿಟ್ಟವರು ಎಂಟೂವರೆಗೆ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಾರೆ. ಹಿಂದಿನವರು ಇನ್ನೂ ರೊಟ್ಟಿ ತಿನ್ನುತ್ತಿರುತ್ತಾರೆ. ಮೊದಮೊದಲು ಟೈಮ್ ತೋರಿಸಿ ವಾದ ಮಾಡುತ್ತಿದ್ದೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದವರ ಹತ್ತಿರ ವಾದ ಗೆದ್ದು ಏನು ಮಾಡಬೇಕು ಹೇಳಿ? ಈಗ ಹಿಂದಿನ ಸಂಜೆಯೇ ಬರೆದು ಕಳಿಸುತ್ತೇನೆ: ಕೋಣೆ 1ಕ್ಕೆ. ಬೇಗ ಬಂದರೆ ಹಿತ್ತಲ ಬಚ್ಚಲಲ್ಲಿ ಹಂಡೆ ಬಿಸಿನೀರು, ಜಗಲಿಯಲ್ಲಿ ಕಾಫಿ, ಅಕ್ಕಿ ರೊಟ್ಟಿ. ಕಾಲಲ್ಲಿ ಶಕ್ತಿ ಇದ್ದರೆ ಮೊದಲು ಮಂಜರಾಬಾದ್ ಕೋಟೆ ಹತ್ತಿ ಬನ್ನಿ, 250ರಷ್ಟು ಮೆಟ್ಟಿಲು, ಮೇಲಿನಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರ. ಬಿಸಿಲೇರಿದ ಮೇಲೆ ಹತ್ತುವುದು ಕಷ್ಟ. ಇದನ್ನು ಓದಿದ ಅರ್ಧದಷ್ಟು ಜನ ನೇರ ಕೋಟೆಗೆ ಹೋಗಿ, ಹಸಿದುಕೊಂಡು 11ಕ್ಕೆ ಬರುತ್ತಾರೆ.

ಹೋದ ಚಳಿಗಾಲದಲ್ಲಿ ಮೂವರು ಹುಡುಗರು ಏಳೂಮುಕ್ಕಾಲಿಗೇ ಬಂದರು. ಕೋಟೆ ಗೀಟೆ ಏನೂ ಬೇಡ ಅಂದರು. ಅತ್ತೆ ಒಲೆಗೆ ಎರಡು ಕಟ್ಟಿಗೆ ಜಾಸ್ತಿ ತುರುಕಿದರು. ಮೂವರೂ ಸ್ನಾನ ಮಾಡಿ, ಆರಾರು ರೊಟ್ಟಿ ತಿಂದು, ಜಗಲಿ ಮೇಲೆ ಸಾಲಾಗಿ ಮಲಗಿಬಿಟ್ಟರು. 1ಕ್ಕೆ ಕೋಣೆ ತಯಾರಾಗಿದೆ ಅಂತ ಎಬ್ಬಿಸಿದರೆ, ಒಬ್ಬ ಕಣ್ಣು ತೆರೆಯದೆಯೇ ‘ಆಂಟಿ, ಇನ್ನೊಂದು ಅರ್ಧ ಗಂಟೆ’ ಅಂದ.