ನಿದ್ದೆ ಮಾಡಿದರೂ ಹೋಗದ ಸುಸ್ತು

ಕ್ಯಾನ್ಸರ್‌ಗೆ ಎರಡನೇ ಕೀಮೋ ಆಗಿ ನಾಲ್ಕನೇ ದಿನ. ಪರಾತದ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದೆ. ರೊಟ್ಟಿ ಇನ್ನೂ ಅಂಗೈಯಷ್ಟು ಅಗಲ ಆಗಿತ್ತು, ಕೈ ನಿಂತೇಹೋಯಿತು. ನೋವೇನೂ ಇಲ್ಲ. ಕೈ ಎತ್ತಲು ಬಲವೇ ಇಲ್ಲ. ಒಲೆಯ ಮೇಲೆ ಹಂಚು ಸುಮ್ನೆ ಕಾಯುತ್ತಿತ್ತು. ಅತ್ತೆ ನೋಡಿ, "ಏಳವ್ವಾ, ನಾ ಬಡಿತೀನಿ, ನೀ ಹೋಗಿ ಮಕ್ಕೋ" ಅಂದರು.

ಎರಡು ತಾಸು ಮಲಗಿ ಎದ್ದರೂ ಅದೇ ಸುಸ್ತು. ದಿನವಿಡೀ ತೊಗರಿ ಕೊಯ್ದ ದಣಿವೂ ಒಂದು ರಾತ್ರಿ ಮಲಗಿದರೆ ಹೋಗುತ್ತದೆ, ಅಲ್ವಾ? ಇದು ಹಾಗಲ್ಲ. ಕೀಮೋ ಅಂದಮೇಲೆ ಇಷ್ಟೇ ಅಂದುಕೊಂಡು ಡಾಕ್ಟರಿಗೆ ಹೇಳಿರಲಿಲ್ಲ. ಅದು ನನ್ನ ತಪ್ಪು. ಹೇಳಿದ ದಿನವೇ ರಕ್ತ ಪರೀಕ್ಷೆ ಆಯಿತು. ಹೆಂಗಸರಿಗೆ 12 ಇರಬೇಕಾದ ಹಿಮೋಗ್ಲೋಬಿನ್ ನನಗೆ 8.4 ಇತ್ತು. ಕೀಮೋ ಔಷಧಿ ಮೂಳೆಯೊಳಗೆ ರಕ್ತ ತಯಾರಾಗುವುದನ್ನೂ ತಡೆಯುತ್ತದಂತೆ. ಥೈರಾಯ್ಡ್ ಕೂಡ ನೋಡಿದರು, ಅದು ಸರಿ ಇತ್ತು.

ಚಿಕಿತ್ಸೆ ಕೊಟ್ಟ ಮೇಲೆ ರಕ್ತ ಏರಿತು, ಸುಸ್ತು ಅರ್ಧ ಉಳಿಯಿತು. ಆಗ ಮಗನ ಹಳೆ ನೋಟ್‌ಬುಕ್‌ನಲ್ಲಿ ಬರೆಯತೊಡಗಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸುಸ್ತಿಗೆ ಹತ್ತರಲ್ಲಿ ಎಷ್ಟು ಅಂಕ ಅಂತ. ನನಗೆ 21 ದಿನಕ್ಕೊಮ್ಮೆ ಕೀಮೋ. ಮೂರರಿಂದ ಆರನೇ ದಿನ ತೀರಾ ಕಷ್ಟ, ಮೂರನೇ ವಾರ ಹಗುರ. ಇದು ಗೊತ್ತಾದ ಮೇಲೆ ಮನೆಯ ಲೆಕ್ಕವೇ ಬದಲಾಯಿತು. ಹಗುರವಾದ ವಾರದಲ್ಲಿ ಅತ್ತೆ ಬಡಿಯುವುದು, ನಾನು ಕೂತು ಬೇಯಿಸುವುದು. ಕಡಕ್ ರೊಟ್ಟಿ ಮಾಡಿ ಒಟ್ಟಿ ಇಟ್ಟರೆ ಕಷ್ಟದ ವಾರಕ್ಕೆ ಅಡುಗೆಮನೆಯ ಚಿಂತೆ ಇಲ್ಲ. ಬೇಳೆ, ಮೊಸರು, ಶೇಂಗಾ ಹಿಂಡಿ ಇದ್ದರೆ ಊಟ ಆಯಿತು. ಒಂದೇ ಸಲ ತುಂಬ ಉಣ್ಣಲಾಗದ್ದರಿಂದ ಐದಾರು ಸಲ ಸ್ವಲ್ಪ ಸ್ವಲ್ಪ ಉಣ್ಣುತ್ತಿದ್ದೆ.

ನಮ್ಮ ಕಲಬುರಗಿಯ ಬಿಸಿಲು ನಿಮಗೆ ಗೊತ್ತೇ ಇದೆ. ಮೇ ತಿಂಗಳಲ್ಲಿ 40 ದಾಟುತ್ತದೆ. ಹಾಗಾಗಿ ಎಲ್ಲ ಕೆಲಸ ಹತ್ತರೊಳಗೆ. ಸ್ನಾನ ಸ್ಟೂಲ್ ಮೇಲೆ ಕೂತು. ಮಧ್ಯಾಹ್ನದ ನಿದ್ದೆ ಅರ್ಧ ತಾಸಿಗಿಂತ ಜಾಸ್ತಿ ಇಲ್ಲ, ಇಲ್ಲದಿದ್ದರೆ ರಾತ್ರಿ ಕಣ್ಣು ಮುಚ್ಚುವುದಿಲ್ಲ.

ನನಗೆ ನಂಬಲಾಗದೇ ಇದ್ದದ್ದು ನಡಿಗೆ. ಸುಸ್ತಾದವಳಿಗೆ ನಡಿ ಅಂದರೆ ಹೇಗೆ? ಡಾಕ್ಟರ್ ಒಪ್ಪಿದ ಮೇಲೆ ಬೆಳಿಗ್ಗೆ ಆರಕ್ಕೆ ಅಪ್ಪನ ಕೆರೆ ಹತ್ತಿರ ಐದೇ ನಿಮಿಷ ನಡೆದೆ, ಯಜಮಾನರು ಜೊತೆಗಿದ್ದರು. ಎರಡು ತಿಂಗಳಿಗೆ 20 ನಿಮಿಷ ಆಯಿತು. ನಡೆದ ದಿನ ನೋಟ್‌ಬುಕ್‌ನಲ್ಲಿ ಸಂಜೆಯ ಅಂಕ ಕಡಿಮೆ ಇರುತ್ತಿತ್ತು. ಜ್ವರ, ಏದುಸಿರು, ತಲೆ ಸುತ್ತು ಬಂದರೆ ಮಾತ್ರ ನಡಿಗೆ ಬಿಟ್ಟು ನೇರ ಆಸ್ಪತ್ರೆಗೆ.

ಚಿಕಿತ್ಸೆ ಮುಗಿದು ಏಳು ತಿಂಗಳಾಯಿತು. ಕೆಲವು ಸಂಜೆ ಸುಸ್ತು ಇನ್ನೂ ಬರುತ್ತದೆ. ಬಚ್ಚಲಿನ ಸ್ಟೂಲ್ ತೆಗೆದಿಲ್ಲ.